ಬಿಸಿಲಿಗೇ ಹೋಗದೆ ಬಿಸಿಲ ಹೊಡೆತ ಬಿತ್ತು. ಒಂಬತ್ತು ತಿಂಗಳಾದರೂ ಒಲೆ ಮುಂದೆ ನಿಲ್ಲೋಕೆ ಆಗ್ತಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಸಟ್ಟುಗ, ಶಿರಸಿ

ನಮಸ್ಕಾರ. ನಾನು ಅಡುಗೆಯವನು. ವಯಸ್ಸು 43. ಊರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಬದಿಗೆ. 21 ವರ್ಷದಿಂದ ಮದುವೆ, ಮುಂಜಿ, ಗೃಹಪ್ರವೇಶ ಅಂತ ಅಡುಗೆ ಕಂಟ್ರಾಕ್ಟ್ ಮಾಡಿಕೊಂಡು ಬಂದಿದ್ದೇನೆ. ಘಟ್ಟದ ಮೇಲೆ ಎಷ್ಟು ಮಾಡಿದ್ದೇನೋ ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲೂ ಅಷ್ಟೇ ಮಾಡಿದ್ದೇನೆ. ಬರೆದು ಅಭ್ಯಾಸ ಇಲ್ಲ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ಮೇ ತಿಂಗಳ ಎರಡನೇ ವಾರ. ಅಂಕೋಲೆ ಹತ್ತಿರ ಒಂದು ಮದುವೆ. ಊಟಕ್ಕೆ 800 ಜನ. ಅಡುಗೆಮನೆ ಅಂದರೆ ಸಭಾಭವನದ ಹಿಂದೆ ಇಳಿಸಿದ ತಗಡಿನ ಮಾಡು, ಮೂರು ಕಡೆ ಗೋಡೆ. ಎರಡು ಕಟ್ಟಿಗೆ ಒಲೆ, ಮೂರು ಗ್ಯಾಸಿನ ಭಟ್ಟಿ. ಹೊರಗೆ 34 ಡಿಗ್ರಿ ಅಂತ ಮೊಬೈಲ್ ತೋರಿಸುತ್ತಿತ್ತು. ಒಳಗೆ ಎಷ್ಟಿತ್ತೋ ದೇವರಿಗೇ ಗೊತ್ತು. ರಾತ್ರಿ ಎರಡೂವರೆಗೆ ಎದ್ದಿದ್ದೆ. ಎರಡು ದಿನದಿಂದ ನೆಗಡಿ ಬೇರೆ, ಅದಕ್ಕೊಂದು ಮಾತ್ರೆ ನುಂಗಿದ್ದೆ. ಹೊಟ್ಟೆಗೆ ಹೋಗಿದ್ದು ಎರಡು ಲೋಟ ಚಾ, ನಾಲ್ಕು ತುತ್ತು ಉಪ್ಪಿಟ್ಟು. ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ. ಕವಳ ಇದ್ದರೆ ಬಾಯಿ ಒಣಗೋದಿಲ್ಲ, ಬಾಯಾರಿಕೆ ನೆನಪಾಗೋದಿಲ್ಲ. ಇದೆಲ್ಲ ಈಗ ಹೊಳೆಯುತ್ತದೆ.

ಹತ್ತೂವರೆ ಹೊತ್ತಿಗೆ ಕಾಶಿ ಹಲ್ವಾ ಮಗಚುತ್ತಾ ನಿಂತಿದ್ದೆ. ಬೂದುಗುಂಬಳದ ನೀರು ಆರಿ ಸಕ್ಕರೆ ಹಿಡಿಯುವವರೆಗೆ ಉರುಳಿ (ಅಗಲ ಬಾಯಿಯ ದೊಡ್ಡ ಪಾತ್ರೆ) ಬಿಟ್ಟು ಕದಲುವ ಹಾಗಿಲ್ಲ, ಮಾಡಿದವರಿಗೆ ಗೊತ್ತು. ಒಂದು ತಾಸು ನಿಂತಿದ್ದೆನೇನೋ. ಮುಂದಿನದು ನನಗೆ ನೆನಪಿಲ್ಲ, ಹುಡುಗರು ಹೇಳಿದ್ದು. ಹಲ್ವಾಕ್ಕೆ ಎರಡು ಹಿಡಿ ಉಪ್ಪು ಹಾಕಿದೆನಂತೆ. "ಭಟ್ರೇ, ಅದು ಹಲ್ವಾ" ಅಂತ ಒಬ್ಬ ಕೂಗಿದರೆ, "ಗೊತ್ತೋ, ಸಾರಿಗೆ ಉಪ್ಪು ಬೇಡ್ವಾ?" ಅಂದೆನಂತೆ. ಅವರು ನಕ್ಕರಂತೆ. ಆಮೇಲೆ ನಾನು ಅಪ್ಪನನ್ನು ಕರೆಯೋಕೆ ಶುರು ಮಾಡಿದೆ. ಅಪ್ಪ ತೀರಿಕೊಂಡು 11 ವರ್ಷ. ಆಗ ಹುಡುಗರ ನಗು ನಿಂತಿತು. ನಾನೂ ಬಿದ್ದೆ.

ಉಳಿಸಿದ್ದು ಆ ಹುಡುಗರೇ. ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಕೊಡ ಕೊಡ ನೀರು ಸುರಿದರು. ಐಸ್‌ಕ್ರೀಮ್ ಕೌಂಟರಿನ ಹುಡುಗ ಪೆಟ್ಟಿಗೆಯಲ್ಲಿದ್ದ ಐಸನ್ನೆಲ್ಲ ತಂದು ಕಂಕುಳಿಗೆ, ಕುತ್ತಿಗೆಗೆ ಇಟ್ಟನಂತೆ. ಅವನ ಮುಖ ಕೂಡ ನಾನು ನೋಡಿಲ್ಲ. ಅಷ್ಟು ನೀರು ಸುರಿದ ಮೇಲೂ ಆಸ್ಪತ್ರೆಯಲ್ಲಿ ಅಳೆದಾಗ 105ರ ಹತ್ತಿರ ಇತ್ತು. ನಾಲ್ಕು ದಿನ ಅಡ್ಮಿಟ್. ಮೊದಲ ದಿನ ಮೂತ್ರ ಕಪ್ಪು ಚಾದ ಹಾಗೆ. ಸ್ನಾಯು ಕರಗಿದೆ, ಲಿವರ್ ನಂಬರ್ ಏರಿದೆ ಅಂದರು. ಆರು ವಾರದಲ್ಲಿ ಎಲ್ಲ ನಾರ್ಮಲ್‌ಗೆ ಬಂತು.

ಕಾಗದದಲ್ಲಿ ಬಂತು. ನನಗೆ ಬರಲಿಲ್ಲ.

ಈಗ ಫೆಬ್ರವರಿ. ಒಂಬತ್ತು ತಿಂಗಳಾಯಿತು. ಒಲೆ ಮುಂದೆ 15 ನಿಮಿಷ ನಿಂತರೆ ಮುಖ ಕೆಂಡ. ಎದೆ ಡವಡವ, ಕಿವಿಯಲ್ಲಿ ಗುಂಯ್. ಕುತ್ತಿಗೆಯ ಹಿಂದೆ ಯಾರೋ ಬಿಸಿ ಬಟ್ಟೆ ಒತ್ತಿದ ಹಾಗೆ. ಕೂತರೆ ಅರ್ಧ ತಾಸಿಗೆ ಇಳಿಯುತ್ತದೆ, ಆದರೆ ಮಾರನೇ ದಿನ ಮೈಕೈಯೆಲ್ಲ ಬಡಿದು ಹಾಕಿದಂತೆ. ಹಂಡೆಯ ಬಿಸಿನೀರಿನ ಸ್ನಾನ ಬಿಟ್ಟೆ. ನಮ್ಮ ಕಡೆಯವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಲ್ವಾ. ಹೋಮ ನಡೆಯುವಲ್ಲಿ ಹಿಂದೆ ಬಾಗಿಲ ಹತ್ತಿರ ಕೂರುತ್ತೇನೆ. ಮೊನ್ನೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದೆ. ಕತಗಾಲ ಬರುವಷ್ಟರಲ್ಲಿ ಗಾಳಿ ಒದ್ದೆ ಕಂಬಳಿಯ ಹಾಗೆ ಮೈಗೆ ಅಂಟಿತು. ಕುಮಟೆಯಲ್ಲಿ ಇಳಿದವನು ಕೆಲಸ ಮುಗಿಸದೆ ಅದೇ ಬಸ್ಸಿಗೆ ವಾಪಸ್ ಹತ್ತಿದೆ.

ಒಬ್ಬ ಡಾಕ್ಟರು "ಎಲ್ಲ ಸರಿಯಿದೆ, ಇದು ಮನಸ್ಸಿನ ಭಯ" ಅಂದರು. ಊರಿನವರದ್ದು ಇನ್ನೊಂದು. "ಬಿಸಿಲಿಗೇ ಹೋಗಿಲ್ಲ, ಮಾಡಿನ ಕೆಳಗಿದ್ದೆ, ಬಿಸಿಲು ಹೊಡೆಯೋದು ಹೇಗೆ? ಉಷ್ಣ ಆಗಿದೆ ಅಷ್ಟೇ." 21 ವರ್ಷ ಬೆಂಕಿ ಮುಂದೆ ನಿಂತವನಿಗೆ ಈಗ ಬೆಂಕಿ ಆಗೋದಿಲ್ಲ ಅಂದರೆ ಯಾರು ನಂಬುತ್ತಾರೆ? ಕಳ್ಳಬೀಳುತ್ತಾನೆ ಅಂತ ನನ್ನ ಬೆನ್ನ ಹಿಂದೆ ಹೇಳಿದ್ದೂ ಕಿವಿಗೆ ಬಿದ್ದಿದೆ.

ಏಪ್ರಿಲ್‌ಗೆ ಆರು ಮದುವೆ ಕೇಳಿದ್ದಾರೆ. ನಾಲ್ಕು ಕೆಳಗಿನವು. ಈ ವಾರದೊಳಗೆ ಹೌದು ಅಲ್ಲ ಹೇಳಬೇಕು. ಇದು ಹೋಗುತ್ತದಾ? ಹೋದವರು ಹೇಗೆ ಹೋಗಿಸಿಕೊಂಡಿರಿ? ಅಷ್ಟು ಹೇಳಿ ಸಾಕು.

ಘಟ್ಟದ ಮಾವ, ಯಲ್ಲಾಪುರ

ಭಟ್ರೇ, ಮೆಂತೆ ರಾತ್ರಿ ನೆನೆಹಾಕಿ ಬೆಳಗ್ಗೆ ಆ ನೀರು ಕುಡಿಯಿರಿ. ಲಾವಂಚದ ಬೇರು ಹಾಕಿದ ನೀರು, ಒಂದೆಲಗದ ತಂಬ್ಳಿ, ಮುರುಗಲು ಶರಬತ್ತು. ತಲೆಗೆ ಹರಳೆಣ್ಣೆ. 48 ದಿನ ಮಾಡಿ, ಉಷ್ಣ ಇಳಿಯದಿದ್ದರೆ ನನ್ನನ್ನು ಕೇಳಿ.

ಸಟ್ಟುಗ, ಶಿರಸಿ

ಮಾವ, ಅಷ್ಟೂ ಮಾಡಿದೆ. ತಂಬ್ಳಿ ತಿಂದು ತಿಂದು ಮನೆಯಲ್ಲಿ ಮಕ್ಕಳು ನನ್ನನ್ನು ಕಂಡರೆ ಒಂದೆಲಗ ಮುಚ್ಚಿಡುತ್ತಾರೆ. ಹೊಟ್ಟೆಗೆ ಹಿತ ಆಯಿತು, ಸುಳ್ಳು ಹೇಳೋದಿಲ್ಲ. ಒಲೆ ಮುಂದೆ ಮಾತ್ರ ಅದೇ 15 ನಿಮಿಷ.

ಕಾಳಿದಂಡೆ, ಕಾರವಾರ

ನಾನು ನರ್ಸ್. 17 ವರ್ಷ ಸರ್ವಿಸ್. ಡಾಕ್ಟರ್ ಅಲ್ಲ, ಅದು ಮೊದಲು. ಆದರೆ ನಿಮ್ಮ ಬರಹ ಓದಿ ಸುಮ್ನೆ ಕೂರೋಕೆ ಆಗಲಿಲ್ಲ.

ಮೊದಲನೆಯದು, ನಿಮಗೆ ಆಗಿದ್ದು ಉಷ್ಣ ಅಲ್ಲ. ನಾವು ಕನ್ನಡದಲ್ಲಿ ಎಲ್ಲದಕ್ಕೂ ಉಷ್ಣ ಅನ್ನುತ್ತೇವೆ. ಬಾಯಿಹುಣ್ಣಾದರೂ ಉಷ್ಣ, ಉರಿಮೂತ್ರಕ್ಕೂ ಉಷ್ಣ, ಮಾವಿನಹಣ್ಣು ಜಾಸ್ತಿ ತಿಂದರೂ ಉಷ್ಣ. ಇದು ಬೇರೆ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ, ಜೊತೆಗೆ ತಲೆ ಕೆಟ್ಟರೆ ಅದು ಹೀಟ್ ಸ್ಟ್ರೋಕ್. ನಿಮ್ಮ 105 ಫ್ಯಾರನ್‌ಹೀಟ್ ಅಂದರೆ ಸೆಲ್ಸಿಯಸ್ಸಿನಲ್ಲಿ ಸುಮಾರು 40.6. ಹಲ್ವಾಕ್ಕೆ ಉಪ್ಪು ಹಾಕಿದಿರಲ್ಲ, ಅದೇ ತಲೆ ಕೆಟ್ಟ ಲಕ್ಷಣ. ಬಿಸಿಲು ಬೇಕೇ ಬೇಕು ಅಂತೇನಿಲ್ಲ. ದುಡಿಯುವ ಮೈ ತಾನೇ ಶಾಖ ಹುಟ್ಟಿಸುತ್ತದೆ, ಒಲೆ ಇನ್ನಷ್ಟು ಕೊಡುತ್ತದೆ, ಹೊರಗೆ ಹಾಕೋಕೆ ದಾರಿ ಇಲ್ಲದಿದ್ದರೆ ಮುಗಿಯಿತು. ಬೆವರು ನಿಂತು ಮೈ ಒಣಗಿದರೆ ಮಾತ್ರ ಅಪಾಯ ಅಂತ ಬಹಳ ಜನ ನಂಬಿದ್ದಾರೆ. ದುಡಿಯುವಾಗ ಬಿದ್ದವರು ಎಷ್ಟೋ ಸಲ ಬೆವರಿನಲ್ಲಿ ತೊಯ್ದಿರುತ್ತಾರೆ. ನಿಮ್ಮ ಹುಡುಗರು ಗಾಡಿ ಹುಡುಕುವ ಮೊದಲು ನೀರು ಸುರಿದದ್ದು ದೊಡ್ಡ ಪುಣ್ಯ. ಅಲ್ಲಿ ಜ್ವರದ ಮಾತ್ರೆ ಕೊಟ್ಟಿದ್ದರೆ ಏನೂ ಉಪಯೋಗ ಆಗುತ್ತಿರಲಿಲ್ಲ. ಇದು ಜ್ವರ ಅಲ್ಲ.

ಎರಡನೆಯದು, ರಿಪೋರ್ಟ್ ನಾರ್ಮಲ್. ಲಿವರಿಗೆ, ಕಿಡ್ನಿಗೆ, ಸ್ನಾಯುವಿಗೆ ಆದ ಪೆಟ್ಟು ಮಾಸಿದೆ ಅಂತ ಆ ರಕ್ತಪರೀಕ್ಷೆ ಹೇಳುತ್ತದೆ. ನಿಮ್ಮ ಮೈ ಶಾಖ ತಡೆಯುತ್ತದಾ ಇಲ್ಲವಾ ಅಂತ ಅದರಲ್ಲಿ ಬರೆದಿರೋದಿಲ್ಲ. ಜಾಸ್ತಿ ಜನರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಆ ಶಕ್ತಿ ವಾಪಸ್ ಬರುತ್ತದೆ. ಕೆಲವರಿಗೆ ವರ್ಷ ಹಿಡಿಯುತ್ತದೆ. ನೀವು ಕಳ್ಳಬೀಳುತ್ತಿಲ್ಲ.

ಈಗ ನನ್ನ ಪ್ರಶ್ನೆ. ಆ ದಿನದ ನೆಗಡಿ ಮಾತ್ರೆ ಯಾವುದು? ಬೇರೆ ಯಾವ ಮಾತ್ರೆ ದಿನಾ ತಗೊಳ್ಳುತ್ತೀರಿ? ಬಿಪಿ? ಸಕ್ಕರೆ? ರಾತ್ರಿ ನಿದ್ದೆಗೆ ಏನಾದರೂ? ನಡೆಯುವಾಗ ಓಲಾಡುತ್ತೀರಾ? ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತದಾ?

ಸಟ್ಟುಗ, ಶಿರಸಿ

ಅಕ್ಕಾ, ಓಲಾಟ ಇಲ್ಲ. ಮೊದಲ ತಿಂಗಳು ಚಕ್ಕುಲಿ ಒತ್ತುವಾಗ ಕೈ ನಡುಗುತ್ತಿತ್ತು, ಈಗ ಇಲ್ಲ. ಬಿಪಿಗೆ ಎರಡು ವರ್ಷದಿಂದ ದಿನಾ ಒಂದು ಮಾತ್ರೆ. ಈಗಷ್ಟೇ ಪಟ್ಟಿ ತೆಗೆದು ಮಗಳ ಹತ್ತಿರ ಓದಿಸಿದೆ. ಎರಡು ಔಷಧಿ ಸೇರಿದ ಮಾತ್ರೆ, ಒಂದರ ಹೆಸರು ಹೈಡ್ರೋಕ್ಲೋರೋಥಯಜೈಡ್. ನೆಗಡಿಯದ್ದು ಅಂಗಡಿಯಲ್ಲಿ ಕೇಳಿ ತಗೊಂಡಿದ್ದು, ತಿಂದರೆ ನಿದ್ದೆ ಬರುವಂಥದ್ದು. ಇದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ನೆಗಡಿ ಮಾತ್ರೆ ಕೂಡ ಹೇಳೋ ವಿಷಯನಾ ಅಂದುಕೊಂಡೆ.

ಕಾಳಿದಂಡೆ, ಕಾರವಾರ

ಹೇಳೋ ವಿಷಯವೇ. ಆ ಹೈಡ್ರೋಕ್ಲೋರೋಥಯಜೈಡ್ ಅಂದರೆ ಮೈಯಿಂದ ನೀರು, ಉಪ್ಪು ಹೊರಗೆ ಹಾಕಿಸುವ ಮಾತ್ರೆ. ನಿದ್ದೆ ಬರಿಸುವ ನೆಗಡಿ ಮಾತ್ರೆ ಬೆವರನ್ನು ಕಡಿಮೆ ಮಾಡಬಹುದು. ಒಂದು ಕೊಡ ಖಾಲಿ ಮಾಡಿತು, ಇನ್ನೊಂದು ನಲ್ಲಿ ಮುಚ್ಚಿತು. ಎರಡೂ ಸೇರಿ ತಗಡಿನ ಮಾಡಿನ ಕೆಳಗೆ. ನಿಮ್ಮನ್ನು ಕೆಡವಿದ್ದು ಇದೊಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಬಿಪಿ ಮಾತ್ರೆ ಇವತ್ತಿಗೂ ನಡೆಯುತ್ತಿದೆ ಅಲ್ವಾ? ನೀವಾಗಿಯೇ ನಿಲ್ಲಿಸಬೇಡಿ, ಖಂಡಿತ ಬೇಡ. ಮಾತ್ರೆ ಕೊಟ್ಟ ಡಾಕ್ಟರ ಹತ್ತಿರ ಪಟ್ಟಿ ಹಿಡಿದುಕೊಂಡು ಹೋಗಿ ಹೀಗೆ ಹೇಳಿ: "ನನಗೆ ಹೀಟ್ ಸ್ಟ್ರೋಕ್ ಆಗಿತ್ತು, ಬೆಂಕಿ ಮುಂದೆ ದುಡಿಯುತ್ತೇನೆ, ಬೇಸಿಗೆಗೆ ಮೊದಲು ಇದನ್ನು ಬದಲಾಯಿಸಬಹುದಾ?" ಬೇರೆ ಜಾತಿಯ ಬಿಪಿ ಮಾತ್ರೆಗಳಿವೆ. ಆದರೆ ಅಟೆನೊಲಾಲ್ ಥರದ್ದು ಕೊಟ್ಟರೆ ಅದು ಹೃದಯದ ಓಟಕ್ಕೆ ಲಗಾಮು ಹಾಕುತ್ತದೆ, ಬಿಸಿಯಲ್ಲಿ ಅದಕ್ಕೂ ತನ್ನದೇ ತೊಂದರೆ ಇದೆ. ಅದನ್ನೂ ಕೇಳಿ. ಹೋದಾಗ ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಬಿಸಿ ತಡೆಯದಿರೋಕೆ, ಎದೆ ಬಡಿಯೋಕೆ ಅವೂ ಕಾರಣ ಆಗುತ್ತವೆ.

ನಡುಕ ಕೇಳಿದ್ದು ಯಾಕೆ ಅಂದರೆ, ಮೆದುಳಿನ ಹಿಂಭಾಗದಲ್ಲಿ ಚಿಕ್ಕ ಮೆದುಳು ಅಂತ ಇದೆ, ನಡಿಗೆ, ಕೈಯ ಹಿಡಿತ ಅದರದ್ದು. ಅದರ ಜೀವಕೋಶಗಳಿಗೆ ಶಾಖ ಬೇಗ ತಾಗುತ್ತದೆ. ನಿಮಗೆ ಹೋಗಿದೆ ಅಂದರೆ ಸಂತೋಷ.

ಇನ್ನೊಂದು ಮಾತು, ಶಿರಸಿಯವರಿಗೆ ಹೇಳಿದರೆ ಹೊಡೆಯುತ್ತಾರೆ. ಅಡಿಕೆ ಮೈ ಬಿಸಿ ಮಾಡುತ್ತದೆ, ಎದೆಬಡಿತ ಏರಿಸುತ್ತದೆ. ಕವಳ ಹಾಕಿದಾಗ ಹಣೆಯಲ್ಲಿ ಬೆವರು ಬರುವುದು ಅದಕ್ಕೇ. ಒಲೆ ಮುಂದೆ ನಿಲ್ಲುವಾಗಲಾದರೂ ಬೇಡ.

ನಿವೃತ್ತ ಸಿಪಾಯಿ, ಅಂಕೋಲಾ

ನನಗೆ ಆಗಿದೆ. ಅದಕ್ಕೇ ಬರೆಯುತ್ತೇನೆ. ಯಾವ ಪಡೆ, ಯಾವ ಊರು ಅಂತ ಹೇಳೋದಿಲ್ಲ. 1990ರ ದಶಕ, ರಾಜಸ್ಥಾನದ ಮರಳು, ಬೆನ್ನ ಮೇಲೆ ಸಾಮಾನು, 16 ಕಿಲೋಮೀಟರ್ ನಡಿಗೆ. ಹನ್ನೊಂದನೇ ಕಿಲೋಮೀಟರಿಗೆ ನಾನು ರೈಫಲ್ಲನ್ನು ಒಂದು ಗಿಡಕ್ಕೆ ಕೊಟ್ಟು "ಹಿಡಕೋ" ಅಂದೆನಂತೆ. ನಿಮ್ಮ ಉಪ್ಪಿನ ಕಥೆ ಓದಿ ನಕ್ಕೆ, ಆಮೇಲೆ ಅಳುವೂ ಬಂತು.

ಮನೆಗೆ ರಜೆಗೆ ಬಂದೆ. ಅಂಕೋಲೆಯಲ್ಲಿ ಮೇ ತಿಂಗಳು. ರಾಜಸ್ಥಾನದ 44ಕ್ಕಿಂತ ನಮ್ಮೂರಿನ 34 ನನ್ನನ್ನು ಜಾಸ್ತಿ ಕಾಡಿತು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಬೆವರು ಬರೋದರಿಂದ ಮೈ ತಂಪಾಗೋದಿಲ್ಲ, ಬೆವರು ಆರೋದರಿಂದ ಆಗುತ್ತದೆ. ಅಲ್ಲಿ ಅಂಗಿ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತಿತ್ತು, ಬೆವರು ಕಾಣುತ್ತಲೇ ಇರಲಿಲ್ಲ. ಇಲ್ಲಿ ಗಾಳಿಯಲ್ಲೇ ನೀರು ತುಂಬಿದೆ, ಬೆವರು ಆರದೆ ಹನಿ ಹನಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಹನಿ ದಂಡ. ನೀರೂ ಹೋಯಿತು, ತಂಪೂ ಸಿಗಲಿಲ್ಲ. ಹವಾಮಾನ ಇಲಾಖೆಯವರು ಬಿಸಿಗಾಳಿ ಲೆಕ್ಕ ಹಾಕುವಾಗ ಬಯಲಿಗೆ 40 ಡಿಗ್ರಿಯಿಂದ ಶುರು ಮಾಡಿದರೆ ಕರಾವಳಿಗೆ 37ರಿಂದಲೇ ಶುರು ಮಾಡುತ್ತಾರೆ. ಹುಬ್ಬಳ್ಳಿಯ ನೆಂಟರು "ನಿಮ್ಮಲ್ಲಿ ಬರೀ 34" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಅವರನ್ನು ಮೇ ತಿಂಗಳಲ್ಲಿ ಬೇಲೇಕೇರಿಯಲ್ಲಿ ಒಂದು ಮಧ್ಯಾಹ್ನ ಕೂರಿಸಿ.

ಈಗ ನಿಮ್ಮ ಪ್ರಶ್ನೆಗೆ. ಹೋಯಿತು. ಏಳು ತಿಂಗಳು ಬೇಕಾಯಿತು. ಹೋಗಿಸಿದ್ದು ವಿಶ್ರಾಂತಿ ಅಲ್ಲ, ಇದನ್ನು ಸರಿಯಾಗಿ ಕೇಳಿ. ಮೊದಲ ನಾಲ್ಕು ತಿಂಗಳು ನಾನೂ ನಿಮ್ಮ ಹಾಗೆ ಬಿಸಿಯಿಂದ ಓಡಿ ಓಡಿ ತಪ್ಪಿಸಿಕೊಂಡೆ. ಅಷ್ಟು ದಿನದಲ್ಲಿ ಮೈಗೆ ಇದ್ದ ಅಭ್ಯಾಸವೂ ಹೋಯಿತು. ಆರೋಗ್ಯವಾಗಿರುವವನಿಗೂ ಬಿಸಿ ಒಗ್ಗೋಕೆ 10ರಿಂದ 14 ದಿನ ಬೇಕು, ಬಿಟ್ಟರೆ ಕೆಲವೇ ವಾರದಲ್ಲಿ ಮರೆತುಹೋಗುತ್ತದೆ. ನೀವು ಒಂಬತ್ತು ತಿಂಗಳು ಒಲೆ ಬಿಟ್ಟಿದ್ದೀರಿ. ನಿಮ್ಮ ಈಗಿನ ಕಷ್ಟದಲ್ಲಿ ಹೀಟ್ ಸ್ಟ್ರೋಕ್‌ನ ಪಾಲು ಎಷ್ಟು, ಈ ಒಂಬತ್ತು ತಿಂಗಳ ಪಾಲು ಎಷ್ಟು, ಯಾರು ಹೇಳುತ್ತಾರೆ?

ನನಗೆ ಹೇಳಿಕೊಟ್ಟವರು ಒಬ್ಬ ಹಳೇ ಮೆಡಿಕಲ್ ಹವಾಲ್ದಾರರು. ಮೊದಲು ತಂಪು ಹೊತ್ತಿನಲ್ಲಿ ನಡಿಗೆ, ದಿನಾ ಅರ್ಧ ತಾಸು, ಎರಡು ವಾರ. ಅದು ಸಲೀಸಾದ ಮೇಲೆ ಸ್ವಲ್ಪ ಬಿಸಿ ಹೊತ್ತು, ಸ್ವಲ್ಪ ಹೊತ್ತು ಮಾತ್ರ. ಕೆಲಸ ಏರಿಸಿದ ದಿನ ಬಿಸಿ ಏರಿಸಬಾರದು, ಬಿಸಿ ಏರಿಸಿದ ದಿನ ಕೆಲಸ ಏರಿಸಬಾರದು. ಒಬ್ಬನೇ ಮಾಡಬಾರದು, ನನ್ನ ಮಾತು ತಪ್ಪಿದರೆ ಗುರುತು ಹಿಡಿಯೋಕೆ ಇನ್ನೊಬ್ಬ ಬೇಕು. ನಾಡಿ ಎಣಿಸುತ್ತಿದ್ದೆ. ನಿಲ್ಲಿಸಿ ನೆರಳಿಗೆ ಬಂದು ಕೆಲ ನಿಮಿಷ ಕೂತರೂ ನಾಡಿ ಇಳಿಯದಿದ್ದರೆ ಮಾರನೇ ದಿನ ರಜೆ.

ಇಸ್ರೇಲಿನ ಸೈನ್ಯದವರು ಇದಕ್ಕೇ ಒಂದು ಪರೀಕ್ಷೆ ಮಾಡಿದ್ದಾರೆ. 40 ಡಿಗ್ರಿ ಕೋಣೆ, 40 ಪರ್ಸೆಂಟ್ ತೇವ, ಗಂಟೆಗೆ 5 ಕಿಲೋಮೀಟರಿನ ಹಾಗೆ ಎರಡು ತಾಸು ನಡೆಸುತ್ತಾರೆ. ಒಳಶಾಖ 38.5 ದಾಟಿದರೆ ಅಥವಾ ಎದೆಬಡಿತ 150 ದಾಟಿದರೆ ಇನ್ನೂ ತಯಾರಿಲ್ಲ ಅಂತ ಅರ್ಥ. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡಿಸಿಕೊಂಡವರನ್ನು ನಾನು ಕಂಡಿಲ್ಲ. ಹೇಳಿದ್ದು ಯಾಕೆ ಅಂದರೆ, ಸೈನಿಕನಿಗೇ ಇಷ್ಟು ತಿಂಗಳು ಕಾಯುತ್ತಾರೆ. ಊರಿನವರು ನಿಮ್ಮನ್ನು ಆಡಿಕೊಂಡರೆ ಆಡಿಕೊಳ್ಳಲಿ.

ಉಪ್ಪಿನಾಗರ, ಗೋಕರ್ಣದ ಕಡೆ

ನಾವು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕೆಲಸ ಮಾಡುವವರು. ನಾನೂ ಮಾಡಿದ್ದೇನೆ, ನನ್ನ ಅತ್ತೆಯೂ ಮಾಡಿದ್ದರು. ನಮಗೆ ಬಿಸಿಲೇ ಅನ್ನ. ಬಿಸಿಲು ಇಲ್ಲದಿದ್ದರೆ ಉಪ್ಪೇ ಇಲ್ಲ. ಮೇಲಿಂದ ಬಿಸಿಲು, ಕೆಳಗೆ ಬಿಳಿ ಉಪ್ಪು, ಎರಡೂ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ.

ನನ್ನ ಮೈದುನ ನಾಲ್ಕು ವರ್ಷದ ಹಿಂದೆ ಗದ್ದೆಯಲ್ಲೇ ಕುಸಿದ. ನಿಮ್ಮಷ್ಟು ಜೋರಲ್ಲ, ಎಚ್ಚರ ಇತ್ತು. ವಾಂತಿ, ಕಾಲು ಹಿಡಿದುಕೊಂಡಿದ್ದು, ಒಂದು ಬಾಟಲಿ ಏರಿಸಿ ಮನೆಗೆ ಕಳಿಸಿದರು. ಅದಾದ ಮೇಲೆ ಎರಡು ಬೇಸಿಗೆ ಅವನು ಹೊತ್ತು ಮೂಡುವ ಮೊದಲು ಬಂದು ಒಂಬತ್ತಕ್ಕೆ ಹೊರಟುಬಿಡುತ್ತಿದ್ದ. ಮತ್ತೆ ಸಂಜೆ ನಾಲ್ಕರ ಮೇಲೆ. ಮಧ್ಯದ ಕೆಲಸ ನಾವು ಹಂಚಿಕೊಂಡೆವು. ಅರ್ಧ ಪಗಾರ, ಬೇಜಾರು ಇತ್ತು ಅವನಿಗೆ. ಮೂರನೇ ಬೇಸಿಗೆಗೆ ಪೂರ್ತಿ ಬಂದ. ಈಗಲೂ ಹನ್ನೆರಡರ ಬಿಸಿಲಿಗೆ ಅವನು ನಿಲ್ಲೋದಿಲ್ಲ, ನಾವೂ ಕರೆಯೋದಿಲ್ಲ.

ನೀರಿನ ವಿಷಯ. ನಾವು ಬಾಯಾರಿದಾಗ ಕುಡಿಯೋದಲ್ಲ, ಒಂದು ಸಾಲು ಎಳೆದು ಮುಗಿದಾಗ ಕುಡಿಯೋದು. ಗಂಜಿತಿಳಿ, ಅದಕ್ಕೆ ಉಪ್ಪು, ಒಂದು ಮಾವಿನ ಮಿಡಿ. ಬರೀ ನೀರು ಕುಡಿದರೆ ಹೊಟ್ಟೆ ತುಂಬುತ್ತದೆ, ಕೈಕಾಲು ಸೆಳೆತ ಬಿಡೋದಿಲ್ಲ. ಉಪ್ಪಿನಲ್ಲೇ ನಿಂತು ಉಪ್ಪು ಸಾಲದೆ ಬೀಳೋದು ನೋಡಿ!

ಕಾಳಿದಂಡೆ, ಕಾರವಾರ

ಅವರ ಗಂಜಿತಿಳಿಗೆ ನನ್ನ ಓಟು. ಓಆರ್‌ಎಸ್ ಪೊಟ್ಟಣ ಆದರೆ ದೊಡ್ಡದನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು, ಲೋಟಕ್ಕೆ ಅರ್ಧ ಪೊಟ್ಟಣ ಅಲ್ಲ. ಮನೆಯಲ್ಲೇ ಮಾಡಿದರೆ ಒಂದು ಲೀಟರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಆದರೆ ಭಟ್ರಿಗೆ ಬಿಪಿ ಇದೆ. ಜೋರು ಬೆವರಿದ ದಿನಕ್ಕೆ ಇದು, ದಿನಾ ಶರಬತ್ತಿನ ಹಾಗೆ ಕುಡಿಯೋದಕ್ಕಲ್ಲ. ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಎಷ್ಟು ಬೆವರಿದಿರಿ ಅಂತ ಗೊತ್ತಾಗಬೇಕಾದರೆ ಕೆಲಸದ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದೆ ಅಂದರೆ ಸುಮಾರು ಒಂದು ಲೀಟರ್ ಹೋಗಿದೆ. ನಿಮ್ಮಲ್ಲಿ ಅಕ್ಕಿ ಮೂಟೆ ತೂಗುವ ಕಾಟಾ ಇರುತ್ತದಲ್ಲ.

ಮತ್ತೆ ಒಲೆ ಹತ್ತಿರ ಒಂದು ಬಕೆಟ್ ತಣ್ಣೀರು ಇಟ್ಟುಕೊಳ್ಳಿ. ಬಿಡುವು ಸಿಕ್ಕಾಗ ಎರಡೂ ಕೈ ಮೊಣಕೈವರೆಗೆ ಅದರಲ್ಲಿ ಮುಳುಗಿಸಿ ಹತ್ತು ಹದಿನೈದು ನಿಮಿಷ ಕೂರಿ. ಬೆಂಕಿ ಆರಿಸುವ ಸಿಬ್ಬಂದಿ ಮಾಡುವ ಉಪಾಯ ಇದು. ಕೈಯಲ್ಲಿ ರಕ್ತ ಜೋರು ಓಡುತ್ತಿರುತ್ತದೆ, ತಣ್ಣಗಾಗಿ ವಾಪಸ್ ಹೋಗುತ್ತದೆ. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಒಲೆ ಮುಂದೆ ನಂಬಬೇಡಿ, ಅದು ಚರ್ಮದ ಮಾತು ಹೇಳುತ್ತದೆ, ಒಳಗಿನದ್ದಲ್ಲ.

ಭಯದ ಬಗ್ಗೆಯೂ ಒಂದು ಮಾತು. ಆ ಡಾಕ್ಟರು ಹೇಳಿದ್ದು ಪೂರ್ತಿ ತಪ್ಪಲ್ಲ. ಪೂರ್ತಿ ಅದೇ ಅಂದದ್ದು ತಪ್ಪು. ಬಿಸಿಗೂ ಎದೆ ಬಡಿಯುತ್ತದೆ, ಭಯಕ್ಕೂ ಬಡಿಯುತ್ತದೆ. ಎರಡೂ ಒಂದೇ ಹೊತ್ತಿಗೆ ಬಂದರೆ ಯಾವುದು ಯಾವುದು ಅಂತ ಗೊತ್ತಾಗೋದಿಲ್ಲ. ಅದಕ್ಕೇ ಎಣಿಸಿ ಬರೆದಿಡೋದು ಒಳ್ಳೆಯದು.

ಬಾಳೆಎಲೆ, ಶಿರಸಿ

ನಾನೂ ಇದೇ ಧಂಧೆಯವನು, ಭಟ್ರಿಗೆ ನನ್ನ ಗುರುತು ಸಿಕ್ಕಿದರೂ ಸಿಗಬಹುದು. ನೇರ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಕೆಳಗಿನ ಮದುವೆಗೆ ನಿಮ್ಮನ್ನು ಉರುಳಿ ಮುಂದೆ ನಿಲ್ಲಿಸೋಕೆ ನನಗೆ ಧೈರ್ಯ ಇಲ್ಲ. ಆದರೆ ನಿಮ್ಮ ಅಪ್ಪೆಹುಳಿ ಕೈ ನಮ್ಮಲ್ಲಿ ಯಾರಿಗೂ ಇಲ್ಲ. ಅಪ್ಪೆಹುಳಿಗೆ ಒಲೆ ಎಷ್ಟು ಬೇಕು? ಮಾವಿನಕಾಯಿ ಬೇಯಿಸೋದು ಹುಡುಗರು ಮಾಡುತ್ತಾರೆ. ಕಿವುಚೋದು, ಹದ ಹಿಡಿಯೋದು, ಒಗ್ಗರಣೆ ನಿಮ್ಮದು. ಕೋಸಂಬರಿ, ತಂಬ್ಳಿ, ಗೊಜ್ಜು, ಅಕ್ಕಿ ಬೇಳೆ ಲೆಕ್ಕ, ರುಚಿ ನೋಡೋದು, ಬಡಿಸುವವರನ್ನು ಓಡಿಸೋದು ಇದೆಲ್ಲ ಹಿರಿಯರ ಕೆಲಸವೇ. 43ಕ್ಕೆ ಹಿರಿಯ ಆಗೋಕೆ ನಾಚಿಕೆ ಅನಿಸಿದರೆ ಅದು ನಿಮ್ಮ ಸಮಸ್ಯೆ. ತಗಡಿನ ಅಡುಗೆಮನೆ ಇದ್ದರೆ ನಾನು ಈಗ ಮೊದಲೇ ಹೇಳಿಬಿಡುತ್ತೇನೆ: ಹೊರಗೆ ಚಪ್ಪರ ಹಾಕಿಸಿ, ಮೇಲೆ ಸೋಗೆ ಹೊದಿಸಿ, ಎರಡು ಪೆಡೆಸ್ಟಲ್ ಫ್ಯಾನ್ ಕೊಡಿ. ಮೈಕ್‌ಸೆಟ್ಟಿಗೆ ಖರ್ಚು ಮಾಡುವವರು ಇದಕ್ಕೂ ಮಾಡುತ್ತಾರೆ. ಕೇಳಬೇಕು ಅಷ್ಟೇ.

ಸಟ್ಟುಗ, ಶಿರಸಿ

ಎಲ್ಲರಿಗೂ ಒಟ್ಟಿಗೇ ಬರೆಯುತ್ತೇನೆ. ಹನ್ನೆರಡು ದಿನ ಆಯಿತು ಕೇಳಿ, ಕ್ಷಮಿಸಿ. ಬಾಳೆಎಲೆ, ಗುರುತು ಸಿಕ್ಕಿದೆ ಮಾರಾಯ. "43ಕ್ಕೆ ಹಿರಿಯ" ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟು ಇತ್ತು.

ಮಾತ್ರೆ ಪಟ್ಟಿ ಹಿಡಿದುಕೊಂಡು ಬಿಪಿಯ ಡಾಕ್ಟರ ಹತ್ತಿರ ಹೋದೆ. ಅವರು ಓದಿ, ಕನ್ನಡಕ ತೆಗೆದು, "ಬೆಂಕಿ ಮುಂದೆ ಕೆಲಸ ಅಂತ ನೀವು ಯಾವತ್ತೂ ಹೇಳಲೇ ಇಲ್ಲವಲ್ಲ" ಅಂದರು. ಅದು ನಿಜ. ಉದ್ಯೋಗ ಕೇಳಿದಾಗ ಕೃಷಿ ಅಂದಿದ್ದೆ, ಎರಡು ಎಕರೆ ತೋಟ ಇದೆಯಲ್ಲ ಅಂತ. ಮಾತ್ರೆ ಬದಲಾಯಿಸಿದರು. ಥೈರಾಯ್ಡ್ ಸರಿ ಇದೆ, ರಕ್ತ ಸ್ವಲ್ಪ ಕಡಿಮೆ, ಅದಕ್ಕೆ ಬೇರೆ ಕೊಟ್ಟಿದ್ದಾರೆ. ಸಿಪಾಯಿ ಸಾಹೇಬರ ನಡಿಗೆ ಶುರು ಮಾಡಲು ಒಪ್ಪಿದರು, ಎದೆ ಹಿಡಿದರೆ ಅಥವಾ ತಲೆ ಮಂಕಾದರೆ ಅದೇ ಹೊತ್ತಿಗೆ ಬರಬೇಕು ಅಂತ ಹೇಳಿ.

ನಡಿಗೆ ಬೆಳಗ್ಗೆ ಆರಕ್ಕೆ, ತೋಟದ ದಾರಿಯಲ್ಲಿ, ಅರ್ಧ ತಾಸು. ಈಗ ಶಿರಸಿಯಲ್ಲಿ ಆ ಹೊತ್ತಿಗೆ ಇನ್ನೂ ಚಳಿ. ಎಂಟು ದಿನ ಅಷ್ಟೇ ಮಾಡಿದೆ. ಎರಡು ವಾರ ಅಂತ ನೀವು ಬರೆದದ್ದು ನೆನಪಿದೆ ಸಾಹೇಬರೇ, ತಡೆಯೋಕೆ ಆಗಲಿಲ್ಲ. ಒಂಬತ್ತನೇ ದಿನದಿಂದ ಬಚ್ಚಲ ಒಲೆಯ ಮುಂದೆ ಐದು ನಿಮಿಷ, ಬಾಗಿಲು ತೆರೆದು. ಕವಳ ಇಲ್ಲ. ಅದೊಂದು ನಿಜವಾಗಿ ಕಷ್ಟ ಆಗುತ್ತಿದೆ.

ಇವತ್ತು ಬೆಳಗ್ಗೆ ಮನೆಯಲ್ಲಿ ಸಣ್ಣ ಉರುಳಿ ಇಟ್ಟೆ. ಒಂದೇ ಕುಂಬಳಕಾಯಿ. ನಮ್ಮ ತಂಡದ ಹುಡುಗನೊಬ್ಬನನ್ನು ಕರೆದು ಎದುರಿಗೆ ಕೂರಿಸಿದೆ. ಅವತ್ತು "ಅದು ಹಲ್ವಾ" ಅಂತ ಕೂಗಿದವನು ಅವನೇ. ಮಗಳ ಕೈಯಲ್ಲಿ ಗಡಿಯಾರ, ನೋಟ್‌ಬುಕ್. ಶುರುವಿಗೆ ನಾಡಿ 78. ಹನ್ನೆರಡನೇ ನಿಮಿಷಕ್ಕೆ ಮುಖಕ್ಕೆ ಕೆಂಡ ಬಂತು, ಎಣಿಸಿದರೆ 124. ಸಟ್ಟುಗ ಅವನ ಕೈಗೆ ಕೊಟ್ಟು ಹೊರಗೆ ಬಂದು ಬಕೆಟ್ಟಿನಲ್ಲಿ ಕೈ ಮುಳುಗಿಸಿ ಕೂತೆ. ಹತ್ತು ನಿಮಿಷಕ್ಕೆ 90. ಮೊದಲೆಲ್ಲ ಅರ್ಧ ತಾಸು ಬೇಕಿತ್ತು. ನಾಳೆ ಮೈ ಹೇಗಿರುತ್ತದೆ ನೋಡಿ ಬರೆಯುತ್ತೇನೆ.

ಮದುವೆಗಳ ವಿಷಯ. ಘಟ್ಟದ ಮೇಲಿನ ಎರಡಕ್ಕೆ ಹೌದು ಅಂದೆ, ಉರುಳಿ ಹುಡುಗರದ್ದು. ಕೆಳಗಿನ ನಾಲ್ಕನ್ನು ಬಾಳೆಎಲೆಗೆ ಬಿಟ್ಟೆ. ಅದರಲ್ಲಿ ಒಂದಕ್ಕೆ ಅಪ್ಪೆಹುಳಿಗೆ ಬರುತ್ತೇನೆ ಅಂದಿದ್ದೇನೆ, ಸೋಗೆ ಚಪ್ಪರ ಹಾಕಿಸಿದ್ದನ್ನು ಫೋಟೋದಲ್ಲಿ ತೋರಿಸಿದರೆ ಮಾತ್ರ.

ಹಲ್ವಾ ಚೆನ್ನಾಗಿ ಬಂತು. ಮಧ್ಯೆ ನಾನು ಸಕ್ಕರೆ ಡಬ್ಬಿಗೆ ಕೈ ಚಾಚಿದಾಗ ಹುಡುಗ ಏನೂ ಮಾತಾಡದೆ ಎದ್ದುಹೋಗಿ, ಡಬ್ಬಿಯೊಳಗೆ ಬೆರಳು ಅದ್ದಿ ನೆಕ್ಕಿ ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟ.